ಫೋನಿನಲ್ಲಿ ಸಂದರ್ಶನ: ಕೇಳುವುದು ನಿಮ್ಮ ದನಿ ಮಾತ್ರ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಶಿವಮೊಗ್ಗ ಪೇಟೆಯವರಿಗಿಂತ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೇ ಜಾಸ್ತಿ. ಹಾಗಾಗಿ ಮಾತನಾಡುವ ಜಾಗದಿಂದಲೇ ಶುರು ಮಾಡುತ್ತೇನೆ.

ಎಷ್ಟೋ ಕಂಪನಿಗಳು ಕೆಲಸದ ಸಂದರ್ಶನದ ಮೊದಲ ಸುತ್ತನ್ನು ಫೋನಿನಲ್ಲೇ ಮುಗಿಸುತ್ತವೆ. ಆ ಹೊತ್ತಿಗೆ ನೀವು ಊರಲ್ಲಿದ್ದು ಮಳೆ ಹಿಡಿದಿದ್ದರೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ತಗಡಿನ ಶೀಟಿನ ಮೇಲೆ ಅದು ಬೀಳುವ ಸದ್ದು ನಿಮಗೆ ರೂಢಿ, ಕಿವಿಗೆ ಬೀಳುವುದೇ ಇಲ್ಲ. ಆ ಕಡೆಯವರಿಗೆ ಅದೊಂದೇ ಕೇಳುತ್ತದೆ. ಕರೆಂಟ್ ಹೋಗಿ ತುಂಬಾ ಹೊತ್ತಾದರೆ ಟವರಿನ ಬ್ಯಾಟರಿಯೂ ಇಳಿದು ಸಿಗ್ನಲ್ ಮಾಯವಾಗುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಪೇಟೆಯ ಸ್ನೇಹಿತರ ರೂಮಿಗೆ ಬನ್ನಿ. ಆಗದಿದ್ದರೆ, ಮನೆಯಲ್ಲಿ ವೈಫೈ ಇರುವವರು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ರೌಟರಿಗೆ ಯುಪಿಎಸ್ ಇದೆಯಾ ನೋಡಿ.

ಹೇಳದೆ ಕೇಳದೆ ಫೋನ್ ಬರುವುದೂ ಉಂಟು. ನೀವು ತೀರ್ಥಹಳ್ಳಿ ಬಸ್ಸಿನಲ್ಲಿ ನಿಂತಿದ್ದೀರಿ, ಮುಂದೆ ಮಂಡಗದ್ದೆಯ ಕಾಡು. ಅಲ್ಲೇ ಉತ್ತರ ಕೊಡಲು ಹೋಗಬೇಡಿ. ‘ಮೇಡಂ, ಈಗ ಬಸ್ಸಿನಲ್ಲಿದ್ದೇನೆ, ಸಂಜೆ ಐದಕ್ಕೆ ಮಾತಾಡಬಹುದಾ?’ ಅನ್ನಿ. ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಮಾತು. ನಮ್ಮ ಕಡೆ ಹುಡುಗರು ಯೋಚಿಸುವಾಗ ಸುಮ್ಮನಾಗುತ್ತಾರೆ, ಒಪ್ಪಿದ್ದಕ್ಕೆ ತಲೆಯಾಡಿಸುತ್ತಾರೆ. ಎದುರಿಗೆ ಕೂತವರಿಗೆ ಅದು ಅರ್ಥವಾಗುತ್ತದೆ. ಫೋನಿನಲ್ಲಿ ಲೈನ್ ಕಟ್ಟಾಯಿತು ಅಂದುಕೊಳ್ಳುತ್ತಾರೆ. ಯೋಚಿಸಲು ಸಮಯ ಬೇಕಾದರೆ ಬಾಯಿಬಿಟ್ಟು ಹೇಳಿ. ಅವರು ಸುಮ್ಮನಾದರೆ ಮಾತ್ರ ಗಾಬರಿಯಾಗಬೇಡಿ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಿರಬಹುದು. ಆ ಖಾಲಿ ಜಾಗ ತುಂಬಲು ಹೋಗಿ, ಚೆನ್ನಾಗಿದ್ದ ಉತ್ತರವನ್ನು ಎಷ್ಟೋ ಜನ ಕೆಡಿಸಿಕೊಳ್ಳುತ್ತಾರೆ.

‘ನಿಮ್ಮ ಬಗ್ಗೆ ಹೇಳಿ’ ಅನ್ನುವುದು ಬಂದೇ ಬರುವ ಪ್ರಶ್ನೆ. ಹೆಚ್ಚಿನವರು ಬಯೋಡೇಟಾ ಒಪ್ಪಿಸುತ್ತಾರೆ: ಊರು, ತಂದೆಯ ಕಸುಬು, ಹತ್ತನೇ ಕ್ಲಾಸಿನ ಅಂಕ. ಅವೆಲ್ಲ ಅವರ ಮುಂದಿನ ಹಾಳೆಯಲ್ಲೇ ಇವೆ, ಅಲ್ವಾ? ನೀವು ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ರಜೆಯಲ್ಲಿ ಊರಿನ ಹಾಲಿನ ಡೈರಿಯ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿದ್ದೀರಿ ಅಂದುಕೊಳ್ಳಿ. ಪುಸ್ತಕದ ಲೆಕ್ಕಕ್ಕೂ ಇದಕ್ಕೂ ತಾಳೆ ಆಗಲಿಲ್ಲ. ಒಬ್ಬ ಸದಸ್ಯರ ಸಂಜೆಯ ಹಾಲು ಎರಡು ಸಲ ಸೇರಿತ್ತು. ಅದನ್ನು ಹೇಗೆ ಹುಡುಕಿದಿರಿ, ಆಮೇಲೆ ಏನು ಬದಲಾಯಿಸಿದಿರಿ? ಅಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ನಿಮಗೆ ಗೊತ್ತಿರುವ ದಾರಿಯಲ್ಲೇ ಮಾತು ಸಾಗುತ್ತದೆ. ಡೈರಿ ಲೆಕ್ಕ ಸಣ್ಣ ಕೆಲಸ ಅಂತ ದಯವಿಟ್ಟು ಮುಚ್ಚಿಡಬೇಡಿ.

ಚೀಟಿ ಇಟ್ಟುಕೊಳ್ಳಬಹುದು, ಆದರೆ ಅದರಲ್ಲಿ ನಾಲ್ಕೈದು ಪದ ಮಾತ್ರ ಇರಲಿ. ಪೂರ್ತಿ ವಾಕ್ಯ ಬರೆದರೆ ಓದಿಬಿಡುತ್ತೀರಿ, ಓದಿದ್ದು ದನಿಯಲ್ಲೇ ಗೊತ್ತಾಗುತ್ತದೆ.

ಕೆಲಸ ಕೊಡಿಸಲು ಮೊದಲು ದುಡ್ಡು ಕಟ್ಟಿ, ಒಟಿಪಿ ಹೇಳಿ ಅಂದರೆ ಅದು ಮೋಸ. ಫೋನ್ ಇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಧ್ಯದಲ್ಲಿ ಕರೆ ಕಟ್ಟಾದರೆ ಒಂದೆರಡು ನಿಮಿಷ ಕಾಯಿರಿ, ಆಮೇಲೆ ನೀವೇ ಒಮ್ಮೆ ಮಾಡಿ. ಸಿಗದಿದ್ದರೆ ಒಂದು ಮೆಸೇಜ್ ಹಾಕಿ.

ಈಗ ಇಬ್ಬಿಬ್ಬರು ಜೊತೆಯಾಗಿ. ಒಬ್ಬರು ಹೊರಗೆ ಹೋಗಿ ಫೋನ್ ಮಾಡಿ, ‘ನಿಮ್ಮ ಬಗ್ಗೆ ಹೇಳಿ’ ಅಂತ ಕೇಳಿ. ಉತ್ತರ ರೆಕಾರ್ಡ್ ಆಗಲಿ, ಒಟ್ಟಿಗೆ ಕೂತು ಕೇಳೋಣ.