ಆ 67 ಯಾವ ವಿಷಯದ್ದು?

ಕೇಳುಗರೇ, ನಮಸ್ಕಾರ. ಈಗ ಆರು ಅಂಕಿ ಓದುತ್ತೇನೆ, ಕೇಳಿ. 112, 88, 91, 67, 72, 85. ಇವು ಒಬ್ಬ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಗಳು. 112 ಮೊದಲ ಭಾಷೆಯದ್ದು ಅಂತ ನೀವು ಊಹಿಸಬಹುದು. 125 ಅಂಕ ಇರುವುದು ಅದಕ್ಕೊಂದಕ್ಕೇ ಅಲ್ವಾ? ಆದರೆ ಆ 67 ಯಾವುದರದ್ದು?

ರೇಡಿಯೋದಲ್ಲಿ ನಿಮಗೆ ಪಟ್ಟಿ ಕಾಣುವುದಿಲ್ಲ. ಕಣ್ಣು ಕಾಣದವರು ಕಂಪ್ಯೂಟರ್ ಮುಂದೆ ಕೂತಾಗಲೂ ಹೀಗೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೇ ಅವರಿಗೆ ಆಸರೆ. ಎನ್‌ವಿಡಿಎ ಅಂಥದ್ದೊಂದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಆದರೆ ಪಟ್ಟಿಯಲ್ಲಿ ತಲೆಬರಹ ಯಾವುದು, ಅಂಕಿ ಯಾವುದು ಅಂತ ಪುಟ ಬರೆದವರೇ ಅದಕ್ಕೆ ಹೇಳಬೇಕು.

ನನಗೆ ಇದನ್ನು ತೋರಿಸಿಕೊಟ್ಟವರು ಕಣ್ಣು ಕಾಣದ ಒಬ್ಬ ಮೇಷ್ಟ್ರು. ಅವರ ಶಾಲೆಗೆ ನಾನು ಅಂಕಪಟ್ಟಿಯ ಪುಟ ಮಾಡಿಕೊಟ್ಟಿದ್ದೆ. 40 ಮಕ್ಕಳು, ಆರು ವಿಷಯ, ಒಟ್ಟು 240 ಅಂಕಿ. ಮೇಷ್ಟ್ರು ಬೆರಳು ಮಡಿಚಿ ಎಣಿಸುತ್ತಾ ಕೇಳುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಸಾಲಿನ ಮೊದಲಿಗೆ ಹೋಗಬೇಕು. ನೋಡಿ ನನಗೆ ತುಂಬಾ ಬೇಜಾರಾಯಿತು.

ತಪ್ಪು ಎಲ್ಲಿತ್ತು ಅಂದರೆ, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪಟ್ಟಿಯ ಪ್ರತಿ ಮನೆಗೂ ಒಂದು ಗುರುತು ಬರೆಯಬೇಕು. ಮಾಹಿತಿಯ ಮನೆಗೆ ಟಿಡಿ, ತಲೆಬರಹದ ಮನೆಗೆ ಟಿಎಚ್. ನಾನು ಎಲ್ಲದಕ್ಕೂ ಟಿಡಿ ಹಾಕಿ, ಮೊದಲ ಸಾಲಿನ ಅಕ್ಷರಗಳನ್ನು ಸುಮ್ನೆ ದಪ್ಪ ಮಾಡಿಬಿಟ್ಟಿದ್ದೆ. ನೋಡುವವರಿಗೆ ಅಷ್ಟು ಸಾಕು. ಕೇಳುವವರಿಗೆ ದಪ್ಪ ಅಕ್ಷರದಿಂದ ಏನು ಬಂತು?

ಅವತ್ತೇ ಕೂತು ತಿದ್ದಿದೆ. ವಿಷಯಗಳ ಹೆಸರಿಗೆ ಟಿಎಚ್ ಹಾಕಿ, ಒಳಗೆ ಸ್ಕೋಪ್ ಕಾಲ್ ಅಂತ ಬರೆದೆ. ಇದು ಕೆಳಗಿನ ಇಡೀ ಕಂಬಕ್ಕೆ ಹೆಸರು ಅಂತ ಅರ್ಥ. ಮಕ್ಕಳ ಹೆಸರಿಗೂ ಟಿಎಚ್, ಆದರೆ ಸ್ಕೋಪ್ ರೋ. ಅದು ಆ ಸಾಲಿಗೆ ಹೆಸರು. ಈ ಎರಡನೆಯದನ್ನು ಬಿಡುವವರೇ ಜಾಸ್ತಿ. ಅದಿಲ್ಲದೆ ಕಂಬದಲ್ಲಿ ಕೆಳಗಿಳಿದರೆ ಯಾರ ಅಂಕ ಅಂತಲೇ ತಿಳಿಯುವುದಿಲ್ಲ. ಪಟ್ಟಿಯ ಮೊದಲಲ್ಲೇ ಕ್ಯಾಪ್ಷನ್ ಹಾಕಿ ಇಡೀ ಪಟ್ಟಿಗೂ ಒಂದು ಹೆಸರಿಟ್ಟೆ. ಸ್ಕೋಪ್ ಹೊಸದೇನಲ್ಲ, 1997ರ ಎಚ್‌ಟಿಎಂಎಲ್ 4ರಲ್ಲೇ ಬಂದದ್ದು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪಟ್ಟಿಗಳನ್ನು ನಿಭಾಯಿಸುವ ಪಾಂಡಾಸ್ ಅನ್ನೋ ಸಲಕರಣೆಯಿಂದ ಪುಟಕ್ಕೆ ಪಟ್ಟಿ ತೆಗೆಯುವವರಿಗೆ ಟಿಎಚ್ ತಾನಾಗೇ ಬರುತ್ತದೆ. ಆದರೂ ಸಾಲಿನ ಹೆಸರಿನ ಜಾಗದಲ್ಲಿ ಬರೀ 0, 1, 2 ಕೂತಿದೆಯಾ ಅಂತ ನೋಡಿಕೊಳ್ಳಿ. ಅಲ್ಲಿ ಮಕ್ಕಳ ಹೆಸರು ಬರಬೇಕು.

ಮರುದಿನ ಮೇಷ್ಟ್ರು ಕಂಟ್ರೋಲ್, ಆಲ್ಟ್ ಹಿಡಿದು ಬಲಬಾಣದ ಕೀಲಿ ಒತ್ತುತ್ತಾ ಹೋದರು. “ಗಣಿತ, 67” ಅಂದಿತು ಕಂಪ್ಯೂಟರ್. ಮೇಷ್ಟ್ರು ಕೈ ತೆಗೆದು ಒಂದು ಕ್ಷಣ ಸುಮ್ಮನೆ ಕೂತರು.

“ಫೇಲಾಗ್ತೀನಿ ಸಾರ್ ಅಂತ ಅಳ್ತಿದ್ದಳು ಇವಳು. 67 ತಗೊಂಡಿದ್ದಾಳೆ ನೋಡಿ!”