ಎರೆಮಣ್ಣಿನ ತವರು ನೋಡಿ ಬಂದೆ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ರೀಯೂನಿಯನ್ ದ್ವೀಪಕ್ಕೆ ಹೋಗಿದ್ದೆ. ಮಡಗಾಸ್ಕರ್ ಪೂರ್ವಕ್ಕೆ, ಮಾರಿಷಸ್ ಮಗ್ಗುಲಲ್ಲಿದೆ. ಆಳ್ವಿಕೆ ಫ್ರಾನ್ಸಿನದು, ನಡೆಯುವುದು ಯೂರೋ. ಚಹಾ ಕುಡಿದು ರೂಪಾಯಿ ಲೆಕ್ಕ ಹಾಕಿದರೆ ಬಾಯಿ ಇನ್ನೊಮ್ಮೆ ಸುಡುತ್ತದೆ! ನಮ್ಮ ವಿಜಯಪುರ ಜಿಲ್ಲೆಯ ಕಾಲು ಭಾಗದಷ್ಟು ಜಾಗ. ಅಷ್ಟರಲ್ಲೇ 3,000 ಮೀಟರ್ ದಾಟಿದ ಬೆಟ್ಟ, ಹವಳದ ದಂಡೆ, ಕಾಡು, ಬೆಂಕಿ ಉಗುಳುವ ಪರ್ವತ.

ನಸುಕಿನ 4 ಗಂಟೆಗೆ ಜೀಪು ಹತ್ತಿದೆವು. ತಡಮಾಡಿದರೆ ಮೋಡ ಮುಚ್ಚಿ ಏನೂ ಕಾಣಲ್ಲ ಅಂತ ಡ್ರೈವರ್ ಮೊದಲೇ ಹೇಳಿದ್ದ. ಕೆಳಗೆ ಕಬ್ಬು, ಥೇಟ್ ನಮ್ಮ ಮುಧೋಳದ ಕಡೆಯ ಹಾಗೆ. ಮೇಲೇರಿದರೆ ಹಸಿರು ಹುಲ್ಲುಗಾವಲು, ಮೇಯುವ ದನ, ಹಲ್ಲು ಕಟಕಟ ಅನ್ನಿಸುವ ಚಳಿ. ಇನ್ನೊಂದು ತಿರುವು ದಾಟಿದ್ದೇ ತಡ, ಹಸಿರು ಮಾಯ. ಕಣ್ಣು ಹಾಯುವಷ್ಟು ದೂರ ಕಂದು ಬೂದಿಯ ಬಯಲು. ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಅದರಾಚೆ ಆ ಬೆಂಕಿ ಪರ್ವತ, ಪಿಟೋನ್ ದ ಲಾ ಫೂರ್ನೇಸ್. ಕುಲುಮೆಯ ಶಿಖರ ಅಂತ ಅರ್ಥ. ಎತ್ತರ 2,632 ಮೀಟರ್. ಈಗಲೂ ಆಗಾಗ ಉಕ್ಕುತ್ತದೆ. ಉಕ್ಕಿದಾಗ ಇಳಿಯುವ ದಾರಿಯ ಗೇಟು ಹಾಕುತ್ತಾರೆ. 1977ರಲ್ಲಿ ಲಾವಾ, ಅಂದರೆ ಕರಗಿದ ಕಲ್ಲು, ಒಂದು ಊರಿಗೇ ನುಗ್ಗಿತು, ಚರ್ಚಿನ ಬಾಗಿಲಿಗೆ ಬಂದು ನಿಂತಿತು. ನಾವು ಹೋದಾಗ ಗೇಟು ತೆರೆದಿತ್ತು. ಮೆಟ್ಟಿಲಿಳಿದು ಕಲ್ಲಿನ ಮೇಲೆ ಕಾಲಿಟ್ಟೆ.

ಗಾಣದ ಮನೆಯಲ್ಲಿ ಬೆಲ್ಲದ ಪಾಕ ಚೆಲ್ಲಿ, ಆರುತ್ತಾ ಸುಕ್ಕುಗಟ್ಟುತ್ತದಲ್ವಾ? ಹಾಗೇ ಇದೆ ಆ ಕಲ್ಲು. ಹಗ್ಗ ಸುರುಳಿ ಸುತ್ತಿಟ್ಟಂತೆ. ಕುಕ್ಕರಗಾಲಲ್ಲಿ ಕೂತು ಹತ್ತಿರದಿಂದ ನೋಡಿದೆ. ಮೈತುಂಬ ಸಣ್ಣ ತೂತು, ಒಳಗಿನ ಗಾಳಿ ಹೊರಬಿದ್ದ ಗುರುತು. ಅಲ್ಲಲ್ಲಿ ಎಳೆ ಹೆಸರುಕಾಳಿನ ಬಣ್ಣದ ಹರಳು. ಒಂದು ಚೂರು ಜೇಬಿಗೆ ಹಾಕಲು ಕೈ ತುರಿಸಿತು. ಗೈಡ್ ಸುಮ್ನೆ ಬೆರಳು ಆಡಿಸಿದ. ಅದು ರಾಷ್ಟ್ರೀಯ ಉದ್ಯಾನ, ಕಲ್ಲು ತರುವಂತಿಲ್ಲ.

ನಾನು ಭಾರತದವನೆಂದು ತಿಳಿದಾಗ ಆತ ಒಂದು ಮಾತು ಹೇಳಿದ. 'ನಿಮ್ಮ ದಖ್ಖನ್ನಿನ ಕಲ್ಲೂ ಇದೇ ಒಲೆಯದು.' ನಾನು ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಭೂಮಿಯ ಆಳದಲ್ಲಿ ಬಿಸಿ ಬುಗ್ಗೆಯೊಂದಿದೆ, ನೀರಿನದಲ್ಲ, ಕಾದ ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಅದರ ನೆತ್ತಿಯ ಮೇಲಿತ್ತು. ಆಗ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ದಖ್ಖನ್ ಆಯಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಆಮೇಲೆ ನೆಲ ಉತ್ತರಕ್ಕೆ ಸರಿಯಿತು. ಒಲೆ ಅಲ್ಲೇ ಉಳಿಯಿತು, ಮೇಲಿನ ಹಂಚು ಜರುಗಿತು. ಮಾಲ್ಡೀವ್ಸ್, ಮಾರಿಷಸ್, ಕೊನೆಗೆ ಈ ದ್ವೀಪ, ಎಲ್ಲ ಅದೇ ಒಲೆಯ ರೊಟ್ಟಿ. ಬಾದಾಮಿಯ ಕೆಂಪು ಕಲ್ಲಿನ ಸಂಗತಿ ಬೇರೆ ಬಿಡಿ, ಅದು ಇದಕ್ಕಿಂತ ಎಷ್ಟೋ ಹಳೆಯದು. ಆದರೆ ಗೋಲ ಗುಮ್ಮಟದ ಕಪ್ಪು ಕಲ್ಲು, ಡೋಣಿ ನದಿ ದಂಡೆಯ ಎರೆ ಹೊಲ, ಎಲ್ಲದರ ಮೂಲ ಆ ಲಾವಾವೇ.

ಮಳೆ ಮಾತ್ರ ಹಂಚಿಕೆಯಾಗಲಿಲ್ಲ. 1966ರಲ್ಲಿ ಚಂಡಮಾರುತ ಬಂದು ಆ ದ್ವೀಪದ ಒಂದು ಜಾಗದಲ್ಲಿ 24 ತಾಸಿನಲ್ಲಿ 1,825 ಮಿಲಿಮೀಟರ್ ಸುರಿಯಿತು. ನಮಗೆ ಅಷ್ಟು ಬೀಳಲು ಸುಮಾರು 3 ವರ್ಷ ಬೇಕು!

ಊರಿಗೆ ಬಂದ ಮರುದಿನ ಹೊಲದ ಬಾವಿಗೆ ಇಳಿದೆ. ಗೋಡೆಗೆ ಬ್ಯಾಟರಿ ಹಿಡಿದು ನೋಡಿದರೆ ಅದೇ ಕಪ್ಪು ಕಲ್ಲು, ಅದೇ ತೂತು. ಅಲ್ಲಿ ಖಾಲಿ ಇದ್ದವು. ಇಲ್ಲಿ ಒಂದೊಂದರಲ್ಲೂ ಬಿಳಿ ಹರಳು ತುಂಬಿಕೊಂಡಿದೆ. ಮೇಲಿಂದ ಅಪ್ಪ ಕೂಗಿದರು, 'ನೀರು ಎಷ್ಟೈತಿ?'