ಇಷ್ಟಕ್ಕೇನಾ ಆ ಗಲಾಟೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಹಳೆಯ ಫ್ರೆಂಚ್ ಸಿನಿಮಾದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. 1958ರ ಚಿತ್ರ. ಕಪ್ಪು ಬಿಳುಪು. ಹೆಸರು ‘ಲೆಝಾಮಾಂ’, ಅಂದರೆ ಪ್ರೇಮಿಗಳು. ನಿರ್ದೇಶಕ ಲೂಯಿ ಮಾಲ್, ನಾಯಕಿ ಝಾನ್ ಮೊರೊ.

ನಾನು ಇದನ್ನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ, ಕಾಲೇಜು ಓದುವಾಗ, ಒಂದು ಫಿಲ್ಮ್ ಸೊಸೈಟಿಯ ಶೋನಲ್ಲಿ. ‘ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಚಿತ್ರ’ ಅಂತ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಅದರ ಪ್ರಭಾವವೇ ಇರಬೇಕು. ಮಾಮೂಲಿ ದಿನ ಹದಿನೈದು ಇಪ್ಪತ್ತು ಜನ ಬರುತ್ತಿದ್ದ ಹಾಲಿನಲ್ಲಿ ಅವತ್ತು ನಿಲ್ಲಲೂ ಜಾಗ ಇರಲಿಲ್ಲ. ಸಿನಿಮಾ ಮುಗಿದು ದೀಪ ಹತ್ತಿತು. ಪಕ್ಕದಲ್ಲಿದ್ದ ಗೆಳೆಯ ನನ್ನ ಕಡೆ ತಿರುಗಿ ಕೇಳಿದ, “ಇಷ್ಟೇನಾ?”

ಪಾಪ, ಎರಡು ಬಸ್ ಬದಲಾಯಿಸಿ ಬಂದಿದ್ದ. ಅವನ ಪ್ರಶ್ನೆಗೆ ಅವತ್ತು ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಇಷ್ಟಕ್ಕೆ ಅಷ್ಟೊಂದು ಗಲಾಟೆ ಯಾಕಾಯಿತು?

ಮೊದಲು ಕತೆ ಹೇಳಿಬಿಡುತ್ತೇನೆ. ಡಿಜೋನ್ ಊರಿನ ಹತ್ತಿರ ಒಂದು ದೊಡ್ಡ ಬಂಗಲೆ. ಅಲ್ಲಿ ಝಾನ್ ಎಂಬ ಹೆಂಗಸು ಇದ್ದಾಳೆ. ಪಾತ್ರದ ಹೆಸರೂ ಝಾನ್, ನಟಿಯ ಹೆಸರೂ ಝಾನ್. ಗಂಡ ಪತ್ರಿಕೆಯ ಮಾಲೀಕ, ಮೂರು ಹೊತ್ತೂ ಕೆಲಸ. ಒಬ್ಬಳು ಪುಟ್ಟ ಮಗಳಿದ್ದಾಳೆ. ಝಾನ್‌ಗೆ ಬೇಜಾರು. ಬೇಜಾರು ಕಳೆಯಲು ಪ್ಯಾರಿಸ್‌ನಲ್ಲಿರುವ ಗೆಳತಿಯ ಮನೆಗೆ ಆಗಾಗ ಹೋಗುತ್ತಾಳೆ. ಅಲ್ಲಿ ಪೋಲೊ ಆಡುವ ಶ್ರೀಮಂತನೊಬ್ಬನ ಜೊತೆ ಸ್ನೇಹ. ಗಂಡನಿಗೆ ಅನುಮಾನ ಬರುತ್ತದೆ. ಜಗಳ ಆಡುವುದಿಲ್ಲ ಅವನು. “ಗೆಳತಿಯನ್ನೂ ಅವನನ್ನೂ ಇಲ್ಲಿಗೇ ಊಟಕ್ಕೆ ಕರೆ” ಅನ್ನುತ್ತಾನೆ. ಜಗಳಕ್ಕಿಂತ ಇದು ಕೆಟ್ಟದ್ದು, ಅಲ್ವಾ?

ಆ ದಿನ ಪ್ಯಾರಿಸ್‌ನಿಂದ ವಾಪಸ್ ಬರುವಾಗ ದಾರಿಯಲ್ಲಿ ಅವಳ ಕಾರು ಕೆಟ್ಟು ನಿಲ್ಲುತ್ತದೆ. ಹಿಂದಿನಿಂದ ಒಂದು ಡಕೋಟ ಗಾಡಿ ಬರುತ್ತದೆ. ಸಿತ್ರೊಯೆನ್ ಕಂಪನಿಯ ‘ಡೂ ಶೆವೊ’. ಫ್ರಾನ್ಸಿನಲ್ಲಿ ರೈತರೂ ಮೇಷ್ಟ್ರುಗಳೂ ಓಡಿಸುತ್ತಿದ್ದ ತಗಡಿನ ಡಬ್ಬಿಯಂಥ ಕಾರು. ಅದರಲ್ಲಿ ಬರ್ನಾರ್ ಎಂಬ ಯುವಕ, ಪುರಾತತ್ವದ ಕೆಲಸದವನು. ಅವಳನ್ನು ಹತ್ತಿಸಿಕೊಳ್ಳುತ್ತಾನೆ. ಆದರೆ ಯಾವ ಆತುರವೂ ಇಲ್ಲ ಅವನಿಗೆ. ನಡುವೆ ಗಾಡಿ ನಿಲ್ಲಿಸಿ ತನ್ನ ಹಳೆಯ ಮೇಷ್ಟ್ರನ್ನು ಮಾತಾಡಿಸಿ ಬರುತ್ತಾನೆ. ಇತ್ತ ಝಾನ್ ಮನೆ ಮುಟ್ಟುವ ಹೊತ್ತಿಗೆ ನೆಂಟರು ಬಂದು ಕೂತಾಗಿದೆ. ಗಂಡ ಮರ್ಯಾದೆಗೆ ಬರ್ನಾರ್‌ನನ್ನೂ ಊಟಕ್ಕೆ ನಿಲ್ಲಿಸುತ್ತಾನೆ, ರಾತ್ರಿ ಇಲ್ಲೇ ಇದ್ದು ಹೋಗಿ ಅನ್ನುತ್ತಾನೆ. ಅಂದರೆ ಆ ಮನೆಯಲ್ಲಿ ಅವತ್ತು ಗಂಡ, ಪ್ರಿಯಕರ, ದಾರಿಹೋಕ ಮೂವರೂ ಒಂದೇ ಸೂರಿನ ಕೆಳಗೆ.

ರಾತ್ರಿ ನಿದ್ದೆ ಬಾರದೆ ಝಾನ್ ಬಿಳಿ ನೈಟ್‌ಗೌನಿನಲ್ಲಿ ಕೆಳಗೆ ಇಳಿದು ಬರುತ್ತಾಳೆ. ಗ್ರಾಮಫೋನಿನಲ್ಲಿ ಜರ್ಮನ್ ಸಂಗೀತಗಾರ ಬ್ರಾಮ್ಸ್‌ನ ಸಂಗೀತ. ಹೊರಗೆ ತಿಂಗಳ ಬೆಳಕು. ತೋಟ, ಹೊಳೆ, ನೀರಿನ ಗಿರಣಿ, ಒಂದು ದೋಣಿ. ಇಬ್ಬರೂ ಸೇರಿ ಬಲೆಗೆ ಬಿದ್ದ ಮೀನುಗಳನ್ನು ನೀರಿಗೆ ಬಿಡುತ್ತಾರೆ. ಆಮೇಲೆ ಅವಳ ಕೋಣೆ. ಬೆಳಗ್ಗೆ ಮನೆಯವರೆಲ್ಲ ನೋಡುತ್ತಿರುವಾಗಲೇ ಅವಳು ಆ ತಗಡಿನ ಕಾರು ಹತ್ತಿ ಹೊರಟುಬಿಡುತ್ತಾಳೆ. ಗಂಡ, ಬಂಗಲೆ, ಪ್ಯಾರಿಸ್‌ನ ಪ್ರಿಯಕರ, ಮಗಳು ಎಲ್ಲವನ್ನೂ ಬಿಟ್ಟು.

ಈಗ ಆ ಕೋಣೆಯ ದೃಶ್ಯ. ನನ್ನ ಗೆಳೆಯ ಕಾದು ಕೂತಿದ್ದ ದೃಶ್ಯ. ಅದರಲ್ಲಿ ಮೈ ಕಾಣುವುದು ಬಹಳ ಕಮ್ಮಿ. ಕ್ಯಾಮೆರಾ ಇರುವುದು ಹೆಚ್ಚಾಗಿ ಝಾನ್ ಮೊರೊಳ ಮುಖದ ಮೇಲೆ. ಗಂಡಸು ಚೌಕಟ್ಟಿನಿಂದ ಕೆಳಗೆ ಜಾರಿ ಹೋಗುತ್ತಾನೆ, ಮುಖ ಮಾತ್ರ ಉಳಿಯುತ್ತದೆ. ಆ ಮುಖದಲ್ಲಿ ಸುಖ ಇದೆ. ನಾಚಿಕೆ ಇಲ್ಲ, ಭಯ ಇಲ್ಲ, ಯಾರನ್ನೋ ಮೆಚ್ಚಿಸುವ ನಗೆಯೂ ಇಲ್ಲ.

ಗಲಾಟೆಗೆ ಮೂಲ ಈ ಮುಖವೇ ಅಂತ ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ಸಿನಿಮಾದಲ್ಲಿ ಹೆಣ್ಣಿನ ಮೈ ತೋರಿಸುವುದು ಅಷ್ಟು ಹೊತ್ತಿಗೆ ಹೊಸದೇನಲ್ಲ. ಅದನ್ನು ಗಂಡಸರು ನೋಡಲು ಅಂತ ತೋರಿಸುತ್ತಿದ್ದರು. ಇಲ್ಲಿ ನೋಡುವವನಿಗೆ ಏನೂ ಸಿಗುವುದಿಲ್ಲ. ಸಿಗುವುದೆಲ್ಲ ಅವಳಿಗೆ.

ಆ ಮುಖದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಮೊರೊ ಹುಟ್ಟಿದ್ದು 1928ರಲ್ಲಿ. ರಂಗಭೂಮಿಯಲ್ಲಿ ದೊಡ್ಡ ಹೆಸರು. ಆದರೆ ಸಿನಿಮಾದವರಿಗೆ ಅವಳ ಮುಖ ಹಿಡಿಸುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು, ತುಟಿಯ ಕೊನೆ ಕೆಳಕ್ಕೆ ಬಾಗಿದೆ. ಅದಕ್ಕೇ ದಪ್ಪ ಮೇಕಪ್ಪು, ಜಾಸ್ತಿ ಲೈಟು. ಮಾಲ್ ತನ್ನ ಮೊದಲ ಕಥಾಚಿತ್ರದಲ್ಲಿ, ಅದೂ 1958ರಲ್ಲೇ ತೆರೆಗೆ ಬಂದದ್ದು, ಇದನ್ನೆಲ್ಲ ಕಿತ್ತು ಹಾಕಿದ. ಛಾಯಾಗ್ರಾಹಕ ಆನ್ರಿ ದೆಕಯ್. ರಾತ್ರಿ ಹೊತ್ತು ಪ್ಯಾರಿಸ್‌ನ ಬೀದಿಯಲ್ಲಿ, ಅಂಗಡಿಗಳ ಗಾಜಿನಿಂದ ಬೀಳುವ ಬೆಳಕಿನಲ್ಲೇ ಅವಳನ್ನು ನಡೆಸಿ ಚಿತ್ರೀಕರಿಸಿದ. ರೀಲು ತೊಳೆಯುವ ಲ್ಯಾಬಿನವರು ದೂರಿದರಂತೆ, ಇಂಥ ಚೆಂದದ ನಟಿಯನ್ನು ಹೀಗೆ ಹಾಳು ಮಾಡುವುದಾ ಅಂತ. ನೋಡಿದವರಿಗೆ ಮಾತ್ರ ಅಲ್ಲೊಬ್ಬ ನಿಜವಾದ ಹೆಂಗಸು ಕಂಡಳು. ಕೆಲವೇ ತಿಂಗಳಲ್ಲಿ ಅದೇ ದೆಕಯ್, ಅದೇ ಮುಖ, ಈ ಚಿತ್ರ. ಆಗ ಮಾಲ್‌ಗೆ ವಯಸ್ಸು ಇಪ್ಪತ್ತೈದು. ಸಕ್ಕರೆ ಕಾರ್ಖಾನೆಯ ಶ್ರೀಮಂತ ಮನೆತನದ ಹುಡುಗ. ಬಂಗಲೆಯ ಬೇಜಾರು ಎಂಥದ್ದು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕತೆಯ ಮೂಲ ಹಳೆಯದು. 1777ರಲ್ಲಿ ವಿವಾನ್ ದೆನೋನ್ ಎಂಬಾತ ಬರೆದ ಸಣ್ಣ ಕತೆ, ‘ನಾಳೆ ಎಂಬುದಿಲ್ಲ’ ಎಂಬ ಅರ್ಥದ ಹೆಸರು. ಈ ದೆನೋನ್ ಆಮೇಲೆ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದ, ಲೂವ್ರ್ ವಸ್ತುಸಂಗ್ರಹಾಲಯದ ನಿರ್ದೇಶಕನಾದ. ಅವನ ಕತೆಯಲ್ಲೂ ಒಬ್ಬ ದೊಡ್ಡ ಮನೆಯ ಹೆಂಗಸು, ಒಂದು ರಾತ್ರಿ, ಒಬ್ಬ ಹುಡುಗ. ಆದರೆ ಅಲ್ಲಿ ಅದೊಂದು ಆಟ. ನಿಜವಾದ ಪ್ರಿಯಕರನ ಮೇಲೆ ಗಂಡನ ಕಣ್ಣು ಬೀಳಬಾರದು ಅಂತ ಈ ಹುಡುಗನನ್ನು ಮರೆ ಮಾಡಿಕೊಂಡಿರುತ್ತಾಳೆ. ಬೆಳಗಾದರೆ ಎಲ್ಲರೂ ಅವರವರ ಜಾಗಕ್ಕೆ ವಾಪಸ್. ಈ ಕತೆಯ ನೀತಿ ಏನು ಅಂತ ಹುಡುಕಿದೆ, ಏನೂ ಸಿಗಲಿಲ್ಲ ಅಂತ ಆ ಹುಡುಗ ಕೊನೆಗೆ ಹೇಳುತ್ತಾನೆ.

ಹದಿನೆಂಟನೆಯ ಶತಮಾನ ಅದನ್ನು ನಕ್ಕು ಒಪ್ಪಿಕೊಂಡಿತ್ತು. ಗುಟ್ಟಾಗಿ ನಡೆದು ಗುಟ್ಟಾಗಿ ಮುಗಿದರೆ ಯಾರಿಗೂ ತೊಂದರೆ ಇಲ್ಲ. ಮಾಲ್ ಮತ್ತು ಚಿತ್ರಕತೆ ಬರೆದ ಲೂಯಿಸ್ ದ ವಿಲ್ಮೊರಿನ್ ಬದಲಾಯಿಸಿದ್ದು ಆ ಬೆಳಗನ್ನು. ಇವರ ಝಾನ್ ಹಿಂದಿರುಗುವುದಿಲ್ಲ. ಸಾಯುವುದೂ ಇಲ್ಲ. ದಾರಿ ತಪ್ಪಿದ ಹೆಂಡತಿ ಕೊನೆಗೆ ರೈಲಿನ ಕೆಳಗೆ ಬೀಳಬೇಕು, ವಿಷ ಕುಡಿಯಬೇಕು, ಇಲ್ಲ ಗಂಡನ ಕಾಲು ಹಿಡಿಯಬೇಕು. ಕತೆಗಳಲ್ಲಿ ಅದೇ ರೂಢಿ. ಇವಳು ರಸ್ತೆ ಬದಿಯ ಹೋಟೆಲಿನಲ್ಲಿ ಕೂತು ಕನ್ನಡಿ ನೋಡಿಕೊಳ್ಳುತ್ತಾಳೆ. ರಾತ್ರಿಯ ಮಾಯೆ ಇಳಿದಿದೆ, ಮುಖದಲ್ಲಿ ಆಯಾಸ ಇದೆ. ಅವಳಿಗೆ ಹೆದರಿಕೆ ಇದೆ, ಆದರೆ ಪಶ್ಚಾತ್ತಾಪ ಇಲ್ಲ ಅಂತ ಹಿನ್ನೆಲೆಯ ದನಿ ಹೇಳುತ್ತದೆ. ಕಾರು ಮುಂದೆ ಹೋಗುತ್ತದೆ.

ಮಗಳನ್ನು ಬಿಟ್ಟು ಹೋದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ, ಸುಳ್ಳು ಹೇಳಲಾರೆ. ಚುಚ್ಚಲಿ ಅಂತಲೇ ಮಾಲ್ ಹಾಗೆ ಮಾಡಿದ್ದಾನೆ.

ಆ ಕಾಲದ ಫ್ರಾನ್ಸ್ ಹೇಗಿತ್ತು ಗೊತ್ತಾ? ಪ್ಯಾರಿಸ್ ಅಂದರೆ ನಮಗೆ ಸ್ವೇಚ್ಛೆಯ ಊರು ಅನ್ನುವ ಕಲ್ಪನೆ. 1958ರಲ್ಲಿ ಅಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. ಆ ಕಾನೂನು ಬದಲಾದದ್ದು 1965ರಲ್ಲಿ. ಗರ್ಭನಿರೋಧಕಕ್ಕೆ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ವ್ಯಭಿಚಾರ 1975ರವರೆಗೂ ಅಪರಾಧವಾಗಿತ್ತು. ಅದರಲ್ಲೂ ಭೇದ. ಹೆಂಡತಿ ತಪ್ಪಿದರೆ ಮೂರು ತಿಂಗಳಿಂದ ಎರಡು ವರ್ಷ ಜೈಲು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲೇ ಇಟ್ಟುಕೊಂಡರೆ ದಂಡ ಮಾತ್ರ. ಹೊರಗೆ ಇಟ್ಟುಕೊಂಡರೆ ಅದೂ ಇಲ್ಲ. ಹಾಗಾಗಿ ಝಾನ್ ಕಾರು ಹತ್ತಿದಾಗ ಅವಳು ಮನೆ ಬಿಟ್ಟಳು ಅಷ್ಟೇ ಅಲ್ಲ. ಕಾನೂನಿನ ಕಣ್ಣಲ್ಲಿ ಜೈಲಿಗೆ ಹೋಗಬಹುದಾದವಳು.

ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಕ್ಯಾಥೊಲಿಕ್ ವಲಯದಿಂದ ಬೈಗುಳವೂ ಬಂತು. ಎರಡೂ ಸೇರಿ ಚಿತ್ರ ಚೆನ್ನಾಗಿ ಓಡಿತು.

ಆಮೇಲಿನ ಕತೆ ನಡೆಯುವುದು ಅಮೆರಿಕದಲ್ಲಿ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಹೈಟ್ಸ್ ಎಂಬ ಊರು. ಅಲ್ಲಿನ ‘ಹೈಟ್ಸ್ ಆರ್ಟ್ ಥಿಯೇಟರ್’ನ ಮ್ಯಾನೇಜರ್ ನಿಕೊ ಜಾಕೊಬೆಲಿಸ್. 1959ರ ನವೆಂಬರಿನಲ್ಲಿ ಈ ಚಿತ್ರ ಹಾಕಿದ. ಅಶ್ಲೀಲ ಚಿತ್ರ ಇಟ್ಟುಕೊಂಡಿದ್ದಕ್ಕೆ ಒಂದು, ತೋರಿಸಿದ್ದಕ್ಕೆ ಇನ್ನೊಂದು, ಎರಡು ಕೇಸು ಬಿತ್ತು. ಕೆಳಗಿನ ಕೋರ್ಟು ಒಂದಕ್ಕೆ 500 ಡಾಲರ್, ಇನ್ನೊಂದಕ್ಕೆ 2000 ಡಾಲರ್ ದಂಡ ಹಾಕಿತು. ಒಹಾಯೊದ ಮೇಲಿನ ಕೋರ್ಟುಗಳೂ ಸರಿ ಅಂದವು. ದೇಶದ ನೂರರಷ್ಟು ದೊಡ್ಡ ಊರುಗಳಲ್ಲಿ ಅದೇ ಚಿತ್ರ ನಡೆದಿತ್ತು, ಒಹಾಯೊದ ಕೊಲಂಬಸ್, ಟೊಲಿಡೊ ಊರುಗಳಲ್ಲೂ ನಡೆದಿತ್ತು. ಸಿಕ್ಕಿಬಿದ್ದವನು ಇವನು.

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1964ರ ಜೂನ್ 22ರಂದು ತೀರ್ಪು. ಆರು ಜನ ನ್ಯಾಯಮೂರ್ತಿಗಳು ಮ್ಯಾನೇಜರ್ ಪರ, ಮೂವರು ವಿರುದ್ಧ. ಮಜಾ ಏನು ಅಂದರೆ, ಪರ ಇದ್ದ ಆರು ಜನರಿಗೂ ಒಂದೇ ಕಾರಣ ಇರಲಿಲ್ಲ. ಅಶ್ಲೀಲ ಯಾವುದು ಅಂತ ಅಳೆಯುವ ‘ಸಮಾಜದ ಅಳತೆಗೋಲು’ ಅಂದರೆ ಇಡೀ ದೇಶದ್ದು, ಒಂದು ಊರಿನದ್ದಲ್ಲ ಅಂದರು ಬ್ರೆನನ್. ಬ್ಲ್ಯಾಕ್ ಮತ್ತು ಡಗ್ಲಸ್ ಅವರದ್ದು ಇನ್ನೂ ನೇರ ಮಾತು, ಚಿತ್ರ ತೋರಿಸಿದ್ದಕ್ಕೆ ಶಿಕ್ಷೆ ಕೊಡುವುದೇ ತಪ್ಪು. ಗೋಲ್ಡ್‌ಬರ್ಗ್ ಬರೆದದ್ದು ನನ್ನ ಗೆಳೆಯನ ಮಾತಿಗೆ ಹತ್ತಿರ. ಆ ದೃಶ್ಯ ಎಷ್ಟು ತುಣುಕು ತುಣುಕಾಗಿ ಹಾದು ಹೋಗುತ್ತದೆ ಅಂದರೆ, ಸೆನ್ಸಾರಿನವರು ಕೂಗಿ ಹೇಳದಿದ್ದರೆ ಜನ ಗಮನಿಸುತ್ತಲೇ ಇರಲಿಲ್ಲ ಅಂದರು.

ಹೆಸರಾದದ್ದು ಮಾತ್ರ ಪಾಟರ್ ಸ್ಟೂವರ್ಟ್. ಅವರೂ ಒಹಾಯೊದವರೇ. ಬರೆದದ್ದು ಪುಟ್ಟ ಟಿಪ್ಪಣಿ. ಪಕ್ಕಾ ಅಶ್ಲೀಲವಾದದ್ದನ್ನು ಮಾತ್ರ ಕಾನೂನು ಶಿಕ್ಷಿಸಬಹುದು, ಆದರೆ ಅದು ಯಾವುದು ಅಂತ ವಿವರಿಸಲು ಇವತ್ತು ನಾನು ಹೋಗುವುದಿಲ್ಲ, ಬಹುಶಃ ಎಂದೂ ನನ್ನಿಂದ ಆಗಲಾರದು. “ಆದರೆ ಕಂಡರೆ ನನಗೆ ಗೊತ್ತಾಗುತ್ತದೆ. ಈ ಚಿತ್ರ ಅದಲ್ಲ.”

ಕಂಡರೆ ಗೊತ್ತಾಗುತ್ತದೆ! ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ ಕೂತವರು ಕೊಟ್ಟ ವ್ಯಾಖ್ಯೆ. ನಮ್ಮಲ್ಲಿ ಸಂತೆಯಲ್ಲಿ ಹಸು ಕೊಳ್ಳುವವರು ಹೀಗೆ ಮಾತಾಡುತ್ತಾರೆ. ಆ ಮಾತು ಆಮೇಲೆ ಗಾದೆಯೇ ಆಯಿತು, ಗೇಲಿಯೂ ಆಯಿತು. ಮುಂದಿನ ವರ್ಷಗಳಲ್ಲಿ ಇಂಥ ಕೇಸುಗಳು ಸಾಲುಗಟ್ಟಿದವು, ನ್ಯಾಯಮೂರ್ತಿಗಳು ಕೋರ್ಟಿನಲ್ಲೇ ಕೂತು ಸಿನಿಮಾ ನೋಡುವಂತಾಯಿತು. ಹಾರ್ಲನ್ ಅವರಿಗೆ ಕಣ್ಣು ಮಂಜಾಗಿತ್ತು, ಪರದೆಯ ಮೇಲೆ ಏನಾಗುತ್ತಿದೆ ಅಂತ ಪಕ್ಕದವರು ಹೇಳಬೇಕಿತ್ತಂತೆ. ಕತ್ತಲಲ್ಲಿ ಗುಮಾಸ್ತರು “ಕಂಡರೆ ಗೊತ್ತಾಗುತ್ತದೆ” ಅಂತ ಕೂಗಿ ನಗುತ್ತಿದ್ದರಂತೆ. ನನಗೇನೋ ಸ್ಟೂವರ್ಟ್ ಬಗ್ಗೆ ಗೌರವವೇ. ಗೊತ್ತಿಲ್ಲ ಅಂತ ಬರೆದುಕೊಡುವ ದೊಡ್ಡವರು ಎಷ್ಟು ಜನ?

ಇತ್ತ ನಮ್ಮಲ್ಲಿ ಆ ಹೊತ್ತಿಗೆ ತೆರೆಯ ಮೇಲೆ ಎರಡು ಹೂವುಗಳು ಒಂದಕ್ಕೊಂದು ತಾಗುತ್ತಿದ್ದವು, ನೆನಪಿದೆಯಾ? ಕತೆಗೆ ಬೇಕಿದ್ದರೆ ಮುತ್ತು ಇರಲಿ ಬಿಡಿ ಅಂತ ಸಿನಿಮಾ ಸೆನ್ಸಾರಿನ ಬಗ್ಗೆ ಸರ್ಕಾರ ನೇಮಿಸಿದ್ದ ಜಿ.ಡಿ. ಖೋಸ್ಲಾ ಸಮಿತಿ 1969ರಲ್ಲಿ ವರದಿ ಕೊಟ್ಟಿತು. ಹೂವುಗಳು ಆಮೇಲೂ ಬಹಳ ದಿನ ಅರಳಿದವು.

ಮಾಲ್‌ಗೂ ಭಾರತಕ್ಕೂ ನೇರ ನಂಟೇ ಇದೆ. 1968ರಲ್ಲಿ ಇಬ್ಬರು ಸಹಾಯಕರ ಜೊತೆ ಬಂದು ತಿಂಗಳುಗಟ್ಟಲೆ ಸುತ್ತಿ, ಕಲ್ಕತ್ತೆಯ ಮೇಲೊಂದು ಸಾಕ್ಷ್ಯಚಿತ್ರ, ದೇಶದ ಮೇಲೆ ಏಳು ಕಂತಿನ ಸರಣಿ ಮಾಡಿದ. ಬಿಬಿಸಿ ಅದನ್ನು ತೋರಿಸಿದಾಗ ನಮ್ಮ ಸರ್ಕಾರಕ್ಕೆ ಸಿಟ್ಟು ಬಂದು ದೆಹಲಿಯ ಬಿಬಿಸಿ ಕಚೇರಿಯನ್ನೇ ಮುಚ್ಚಿಸಿತು. ಈ ಸಲದ ತಕರಾರು ಬಡತನ ತೋರಿಸಿದ ಅಂತ. ನಾವು ನೋಡಬಾರದು ಅಂದುಕೊಂಡದ್ದರ ಮೇಲೆ ಕ್ಯಾಮೆರಾ ಇಟ್ಟು ಸುಮ್ನೆ ಕೂರುವುದು ಅವನ ಅಭ್ಯಾಸ.

ಸಮಯ ಮುಗಿಯುತ್ತಾ ಬಂತು. ಚಿತ್ರವನ್ನು ರೇಡಿಯೊದಲ್ಲಿ ತೋರಿಸುವಂತಿಲ್ಲ. ಆದರೆ ಆ ರಾತ್ರಿಯ ಸಂಗೀತ ಕೇಳಿಸಬಹುದು. ಬ್ರಾಮ್ಸ್ 1860ರಲ್ಲಿ ಬರೆದದ್ದು, ಎರಡು ವಯೊಲಿನ್, ಎರಡು ವಯೋಲಾ, ಎರಡು ಚೆಲ್ಲೊ. ಅದರ ಎರಡನೆಯ ಭಾಗ. ಮೊದಲು ದನಿ ತೆಗೆಯುವುದು ವಯೋಲಾ, ಕೆಳಗಿನ ಸ್ಥಾಯಿಯಲ್ಲಿ. ಬಂಗಲೆಯ ಮೆಟ್ಟಿಲು, ಬಿಳಿ ಗೌನು, ಹೊರಗೆ ತಿಂಗಳು. ಕೇಳಿ.